ಎಡಗೈಯ ನಡುಕ, ಅವರೆಕಾಳಿನ ಪಥ್ಯ

ಅವರೆಕಾಯಿಯ ಸೊಗಡು ನನ್ನ ಮೂಗಿಗೆ ಹತ್ತದೆ ಹೋದ ವರ್ಷವೇ ನಾನು ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಮನೆಯವರೆಲ್ಲ ಏನು ಘಮ, ಏನು ಘಮ ಎಂದು ಬಾಯಿ ಚಪ್ಪರಿಸುತ್ತಿದ್ದರೆ, ನಾನು ಮಾತ್ರ ಈ ಸಲದ ಕಾಯಿಯೇ ಸರಿಯಿಲ್ಲ ಎಂದು ಗಾಡಿಯವನ ಹತ್ತಿರ ಜಗಳಕ್ಕೆ ನಿಂತಿದ್ದೆ. ಒಗ್ಗರಣೆ ಸೀದರೂ ಗೊತ್ತಾಗುತ್ತಿರಲಿಲ್ಲ. ಶೀತ ಇರಬೇಕು ಅಂದುಕೊಂಡೆ. ಎರಡು ವರ್ಷ ಇರುವ ಶೀತ ಯಾವುದಾದರೂ ಉಂಟೇ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಮೇಲೆ ಎಡಗೈಯ ಸರದಿ ಬಂತು. ಜಯನಗರದಲ್ಲಿ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ರವಿಕೆ ಬಟ್ಟೆ, ಲೈನಿಂಗ್, ಫಾಲ್ಸ್ ಕೊಡುವ ಅಂಗಡಿ. ಬಟ್ಟೆ ಅಳೆದು, ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಬಟ್ಟೆ ಸೊಟ್ಟಗೆ ಹರಿಯಿತು. ಮಾರನೇ ದಿನವೂ ಹಾಗೇ. ಬಲಗೈ ಎಳೆದಷ್ಟು ಎಡಗೈ ಎಳೆಯುತ್ತಿರಲಿಲ್ಲ. ಸುಮ್ಮನೆ ಕೂತಾಗ ಎಡ ಹೆಬ್ಬೆರಳು ತೋರುಬೆರಳಿಗೆ ತಾನಾಗಿ ಉಜ್ಜಿಕೊಳ್ಳುತ್ತಿತ್ತು. ಏನು ಆಂಟಿ, ಚಳೀನಾ ಎಂದು ಗಿರಾಕಿಯೊಬ್ಬಳು ಕೇಳಿದಳು. ಅದು ಮೇ ತಿಂಗಳು. ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

ಬನ್ನೇರುಘಟ್ಟ ರಸ್ತೆಯ ಕಡೆಯ ಒಂದು ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಮ್ಮ ನನ್ನಿಂದ ಮಕ್ಕಳ ಆಟ ಆಡಿಸಿದರು. ಬೆರಳು ತಟ್ಟಿ, ಮುಷ್ಟಿ ಬಿಗಿದು ಬಿಡಿ, ಆ ಬಾಗಿಲ ತನಕ ನಡೆದು ತಿರುಗಿ ಬನ್ನಿ. ನಡೆಯುವಾಗ ನನ್ನ ಎಡಗೈ ಬೀಸುತ್ತಲೇ ಇರಲಿಲ್ಲವಂತೆ. ಮೂಗಿನ ವಿಷಯ ಅವರೇ ಕೇಳಿದರು. ಆಮೇಲೆ ಪಾರ್ಕಿನ್ಸನ್ ಎಂದರು, ವಾಸನೆ ತಿಳಿಯದಿರುವುದೂ ಇದರದೇ ಲಕ್ಷಣವಂತೆ. ಮಿದುಳಿನಲ್ಲಿ ಡೋಪಮಿನ್ ಅನ್ನುವುದು ಕಮ್ಮಿಯಾಗಿದೆ, ಗುಳಿಗೆಯಲ್ಲಿ ಅದನ್ನು ತುಂಬಿಕೊಡೋಣ ಎಂದರು. ನಮ್ಮ ಯಜಮಾನರು ಎಷ್ಟು ದಿನಕ್ಕೆ ವಾಸಿಯಾಗುತ್ತೆ ಮೇಡಂ ಎಂದು ಕೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಉತ್ತರ ನನಗೆ ಆಗಲೇ ತಿಳಿಯಿತು.

ವಾಪಸು ಬರುವಾಗ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದೆವು. ಯಜಮಾನರು ನನ್ನ ಲೋಟದಿಂದ ಅರ್ಧ ಕಾಫಿಯನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಆಮೇಲೆ ನನ್ನ ಕೈಗೆ ಕೊಟ್ಟರು. ನನಗೆ ಯಾಕೋ ಕಾಫಿ ಜಾಸ್ತಿ ಬೇಕು ಅನ್ನಿಸ್ತಿದೆ ಎಂದರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವರು ಹೇಳಿದ ಅತ್ಯಂತ ಚೆಂದದ ಸುಳ್ಳು ಅದು. ಲೋಟ ನಡುಗಿದರೂ ಒಂದು ಹನಿಯೂ ಚೆಲ್ಲಲಿಲ್ಲ.

ಅಂಗಡಿಯ ಚಿಂತೆ ನನಗಿರಲಿಲ್ಲ. ಬಟ್ಟೆ ಹರಿಯಲು ಬೇರೆ ಯಾರಾದರೂ ಸಿಗುತ್ತಾರೆ. ನನ್ನ ಭಯ ಬೇರೆಯದೇ ಆಗಿತ್ತು, ಅದನ್ನು ಡಾಕ್ಟರಿಗೆ ಹೇಳುವ ಹಾಗಿರಲಿಲ್ಲ.

ನಾವು ಲಿಂಗವಂತರು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈ ಮೇಲಿಟ್ಟು ಪೂಜೆ ಮಾಡುತ್ತೇವೆ. ಎಡ ಅಂಗೈ. ಬಲಗೈ ನೀರೆರೆಯಲು, ಪತ್ರೆ ಏರಿಸಲು. ಎಡಗೈ ಕಣ್ಣಿನ ನೇರಕ್ಕೆ ಅಲುಗಾಡದೆ ನಿಲ್ಲಬೇಕು, ದೃಷ್ಟಿ ಅಲ್ಲೇ ನಿಲ್ಲಬೇಕು. ಲಿಂಗ ಕೈಜಾರಿ ಬಿದ್ದರೆ ಹಿಂದಿನ ಕಾಲದಲ್ಲಿ ಅನ್ನನೀರು ಬಿಡುತ್ತಿದ್ದರು, ಪ್ರಾಣ ಬಿಟ್ಟವರೂ ಇದ್ದಾರೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಈಗಿನ ಗುರುಗಳು ಯಾರೂ ಹಾಗನ್ನುವುದಿಲ್ಲ. ಆದರೆ ಐದು ವರ್ಷದವಳಿದ್ದಾಗ ಕೇಳಿದ್ದು ಐವತ್ತೇಳಕ್ಕೂ ಎದೆಯೊಳಗೆ ಕೂತೇ ಇರುತ್ತದೆ.

ಕಾರ್ತಿಕ ಮಾಸದ ಒಂದು ಬೆಳಗ್ಗೆ ಅದು ಬಿತ್ತು. ಮಡಿಲಿಗೆ ಬಿದ್ದು, ಅಲ್ಲಿಂದ ಉರುಳಿ ಮಣೆಯ ಪಕ್ಕ ನೆಲಕ್ಕೆ. ಎತ್ತಿಕೊಂಡು ಕಣ್ಣಿಗೊತ್ತಿಕೊಂಡೆ. ಮುಕ್ಕಾಗಿರಲಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲಿದ್ದರು, ಅವರಿಗೆ ಎಂಬತ್ತೆರಡು ವರ್ಷ. ಲಿಂಗಪೂಜೆಗೆ ಮುಂಚೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕದ ಹೆಂಗಸು. ಯಡಿಯೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದಾಗಿನಿಂದ ಮನೆಯವರೆಲ್ಲರಿಗೂ ಅದೇ ಪದ್ಧತಿ. ಅವರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಅಂದಿನಿಂದ ಪೂಜೆಯ ಕೋಣೆಯ ಬಾಗಿಲು ಹಾಕಿಕೊಂಡು, ಲಿಂಗವನ್ನು ತಟ್ಟೆಯ ಮೇಲಿಟ್ಟು, ಎರಡು ಪತ್ರೆ ಏರಿಸಿ, ಕಳ್ಳಿಯ ಹಾಗೆ ಎದ್ದು ಬರುತ್ತಿದ್ದೆ. ಬಾಗಿಲು ಯಾಕೆ ಹಾಕ್ತೀಯ ಎಂದು ಅತ್ತೆ ಕೇಳಿದರೆ ಗಾಳಿಗೆ ದೀಪ ಆರುತ್ತೆ ಎನ್ನುತ್ತಿದ್ದೆ.

ನನಗೆ ಬೇಕಾಗಿದ್ದು ಇಷ್ಟೇ. ಕಾಯಿಲೆ ವಾಸಿಯಾಗುವುದಿಲ್ಲ, ಸರಿ. ದಿನಕ್ಕೆ ಹದಿನೈದು ನಿಮಿಷ ಆ ಕೈ ನಿಂತರೆ ಸಾಕು.

ಬಿಳೇಕಹಳ್ಳಿಯಲ್ಲಿರುವ ನನ್ನ ತಂಗಿ ಉಮಾ ಆಗ ರಣರಂಗಕ್ಕಿಳಿದಳು. ಡೋಪಮಿನ್ ಅನ್ನುವ ಮಾತು ಅವಳ ಕಿವಿಗೆ ಬಿದ್ದದ್ದೇ ತಡ, ಫೋನಿನಲ್ಲಿ ಹುಡುಕಿ ಹುಡುಕಿ ದಿನಕ್ಕೆ ನಾಲ್ಕು ಪಟ್ಟಿ ಕಳಿಸುತ್ತಿದ್ದಳು. ಬಾದಾಮಿ ಡೋಪಮಿನ್ ಹೆಚ್ಚಿಸುತ್ತದೆ. ಬಾಳೆಹಣ್ಣು, ಕುಂಬಳದ ಬೀಜ, ಎಳ್ಳು, ಹಾಲು, ಪನೀರು, ಮೊಳಕೆ ಕಾಳು. ಎಲ್ಲಕ್ಕಿಂತ ಮೇಲೆ ಒಂದು ವಿದೇಶಿ ಬೀನ್ಸಿನ ಚಿತ್ರ, ಅದರಲ್ಲಿ ಗುಳಿಗೆಯೊಳಗಿನ ಔಷಧಿಯೇ ಇದೆಯಂತೆ. ಚಿತ್ರ ನೋಡಿದ ಅತ್ತೆ ಕನ್ನಡಕ ಸರಿಮಾಡಿಕೊಂಡು ಇದು ನಮ್ಮ ಅವರೆಕಾಯಿಯೇ ಎಂದು ತೀರ್ಪು ಕೊಟ್ಟರು. ಉಮಾ ಹೌದು ಅಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ನಾನೂ ತಲೆಯಾಡಿಸಿದೆ. ಆಸೆ ಇರುವವರಿಗೆ ಅನುಮಾನ ಎಲ್ಲಿಂದ ಬರಬೇಕು?

ಅದು ಅವರೆಯ ಕಾಲವೂ ಹೌದು. ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತುಕಿದ ಬೇಳೆ ಸಾರು, ಸಂಜೆ ಹುರಿದ ಅವರೆಬೇಳೆ. ಕಾಳು ನೆನೆಹಾಕಿ ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆ ತೆಗೆಯುವ ಕೆಲಸ ಅತ್ತೆಯದು. ನನ್ನ ಎಡಗೈಗೆ ಅದು ಆಗುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಕಾಲು ಚಾಚಿ ಕೂತು ಪಾತ್ರೆಗಟ್ಟಲೆ ಹಿತುಕುತ್ತಿದ್ದರು, ಬೆರಳ ತುದಿಯೆಲ್ಲ ಸುಕ್ಕುಗಟ್ಟುತ್ತಿತ್ತು. ಸಾಕು ಬಿಡಿ ಅತ್ತೆ ಎಂದರೆ, ನಿನ್ನ ಕೈ ನಿಲ್ಲೋವರೆಗೂ ನನ್ನ ಕೈ ನಿಲ್ಲಲ್ಲ ಎನ್ನುತ್ತಿದ್ದರು. ಬಾಗಿಲು ಹಾಕಿದ ಕೋಣೆಯೊಳಗೆ ನಾನೇನು ಮಾಡುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿಲ್ಲವಲ್ಲ ಎಂದು ನನಗೆ ಅಳು ಬರುತ್ತಿತ್ತು.

ಇನ್ನು ಗುಳಿಗೆ. ಊಟಕ್ಕೆ ಅರ್ಧ ಗಂಟೆ ಮುಂಚೆ, ಖಾಲಿ ಹೊಟ್ಟೆಯಲ್ಲಿ ಎಂದು ಚೀಟಿಯಲ್ಲಿ ಬರೆದಿತ್ತು. ನಾವೆಲ್ಲ ಓದಿದ್ದೆವು. ಆದರೆ ನಮ್ಮ ಮನೆಯಲ್ಲಿ ಪೂಜೆಗೆ ಮುಂಚೆ ನೀರೇ ಇಲ್ಲ, ಗುಳಿಗೆ ಎಲ್ಲಿಂದ ಬಂತು? ಪೂಜೆ ಮುಗಿಸಿದ ಮೇಲಾದರೂ, ಬರೀ ಹೊಟ್ಟೆಗೆ ಗುಳಿಗೆ ನುಂಗಿದರೆ ಕರುಳು ಸುಡುತ್ತದೆ ಎಂಬುದು ಅತ್ತೆಯ ಇನ್ನೊಂದು ಕಾನೂನು. ಹಾಗಾಗಿ ಒಂದು ದೊಡ್ಡ ಲೋಟ ಬಾದಾಮಿ ಹಾಲಿನ ಜೊತೆ ಗುಳಿಗೆ, ಅದರ ಬೆನ್ನಿಗೇ ಅವರೆಕಾಳು ಉಪ್ಪಿಟ್ಟು. ಔಷಧಿಯೂ ಡೋಪಮಿನ್, ಹಾಲೂ ಡೋಪಮಿನ್, ಕಾಳೂ ಡೋಪಮಿನ್, ಮೂರೂ ಕೂಡಿ ಕೆಲಸ ಮಾಡಲಿ ಎಂಬುದು ನಮ್ಮ ಲೆಕ್ಕಾಚಾರ.

ಕೈ ಮಾತ್ರ ದಿನದಿಂದ ದಿನಕ್ಕೆ ಕೆಟ್ಟಿತು. ರವಿಕೆಯ ಹುಕ್ಕು ಹಾಕಲು ಯಜಮಾನರನ್ನು ಕರೆಯುವಂತಾಯಿತು. ಹಾಸಿಗೆಯಲ್ಲಿ ಮಗ್ಗುಲಾಗುವುದೂ ಕಷ್ಟ. ಡಾಕ್ಟರಮ್ಮ ಔಷಧಿಯ ಪ್ರಮಾಣ ಹೆಚ್ಚಿಸಿದರು. ಹೇಳಿದ ಹಾಗೇ ತಗೋತಿದ್ದೀರಾ ಎಂದು ಕೇಳಿದಾಗ ಹೂಂ ಅಂದೆ. ಗುಳಿಗೆ ಮೊದಲು, ತಿಂಡಿ ಆಮೇಲೆ, ಸುಳ್ಳೇನಿಲ್ಲವಲ್ಲ!

ಆಗ ಉಮಾ ನಸುಗುನ್ನಿ ಬೀಜದ ಪುಡಿ ತಂದಳು. ಮೈಗೆ ತಾಕಿದರೆ ತುರಿಸುವ ಕಾಯಿ ಗೊತ್ತಲ್ಲ, ಅದರ ಬೀಜ. ನಾಟಿ ಔಷಧಿ ಅಕ್ಕ, ಏನೂ ತೊಂದರೆ ಇಲ್ಲ, ಡಾಕ್ಟರಿಗೆ ಹೇಳೋದೂ ಬೇಡ ಎಂದಳು. ಬೇರೆ ಏನೂ ತಿನ್ನದೆ ಮಧ್ಯಾಹ್ನ ನಾಲ್ಕು ಗಂಟೆಗೆ ಬಿಸಿನೀರಿನಲ್ಲಿ ಕಲಸಿ ಕುಡಿದೆ. ಎರಡನೇ ದಿನ ಕೈ ಹಗುರವಾದ ಹಾಗಾಯಿತು. ನಾನು ಕುಣಿಯುವುದೊಂದು ಬಾಕಿ. ಆಸೆಗೆ ಮಿತಿಯಿಲ್ಲ, ಮೂರನೇ ದಿನ ಒಂದು ಚಮಚ ಹೆಚ್ಚು ಹಾಕಿದೆ. ನಾಲ್ಕನೇ ದಿನ ಅಂಗಡಿಯಲ್ಲಿ ಎದ್ದು ನಿಂತವಳು ಕಣ್ಣು ಕತ್ತಲೆ ಬಂದು ಲೈನಿಂಗ್ ಬಟ್ಟೆಯ ರಾಶಿಯ ಮೇಲೆ ಕುಸಿದೆ. ವಾಂತಿಯೂ ಆಯಿತು. ಪುಣ್ಯಕ್ಕೆ ಬಟ್ಟೆ ಮೆತ್ತಗಿತ್ತು. ಅತಿಯಾದರೆ ಅಮೃತವೂ ವಿಷ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳು ನಾನೇ.

ಮಾರನೇ ದಿನ ಆಸ್ಪತ್ರೆಗೆ ಹೊರಟಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ನಾನೂ ಬರ್ತೀನಿ, ಆ ಡಾಕ್ಟ್ರನ್ನ ನಾನೇ ಕೇಳ್ತೀನಿ ಎಂದರು. ಬೇಡ ಎನ್ನುವ ಧೈರ್ಯ ಯಾರಿಗಿದೆ?

ಕಾಯುವ ಕೋಣೆಯಲ್ಲಿ ಎರಡು ಗಂಟೆ ಕೂತೆವು. ಅಲ್ಲಿ ಕೂತವರ ಕೈಗಳನ್ನೇ ನಾನು ನೋಡುತ್ತಿದ್ದೆ. ಕೆಲವರು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು, ಕೆಲವರು ಚೀಲವನ್ನು ಬಿಗಿಯಾಗಿ ಹಿಡಿದಿದ್ದರು. ಎಲ್ಲರೂ ನನ್ನ ಹಾಗೆ ಕಳ್ಳರೇ. ತ್ಯಾಗರಾಜನಗರದ ಒಬ್ಬ ನಿವೃತ್ತ ಮೇಷ್ಟರು ಮಾತ್ರ ಕೈಯನ್ನು ಅದರ ಪಾಡಿಗೆ ಬಿಟ್ಟು ಆರಾಮಾಗಿ ಕೂತಿದ್ದರು. ನನ್ನ ಕಡೆ ನೋಡಿ, ಹೊಸಬರಾ ಎಂದು ಕೇಳಿ, ಮೊದಲ ವರ್ಷ ನಾನೂ ಬಚ್ಚಿಡ್ತಿದ್ದೆ, ಬಚ್ಚಿಟ್ಟಷ್ಟೂ ಜಾಸ್ತಿ ನಡುಗುತ್ತೆ ಎಂದರು. ಮತ್ತೇನೂ ಉಪದೇಶ ಮಾಡಲಿಲ್ಲ. ಕೈ ಸೆರಗಿನಿಂದ ಹೊರಗೆ ತೆಗೆದೆ. ಅವರದೂ ನನ್ನದೂ ಎರಡೂ ಕೈ ಅದರದರ ತಾಳಕ್ಕೆ ನಡುಗುತ್ತಿದ್ದವು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು.

ಪುಡಿಯ ವಿಷಯ ಕೇಳಿ ಡಾಕ್ಟರಮ್ಮ ಬಯ್ಯಲಿಲ್ಲ. ಆ ಬೀಜದಲ್ಲಿ ಇರೋದು ನಿಜವಾಗಿ ಇದೇ ಔಷಧಿ, ಆದರೆ ಒಂದು ಚಮಚದಲ್ಲಿ ಎಷ್ಟಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ನಿಮ್ಮ ತಂಗಿಗೂ ಗೊತ್ತಿಲ್ಲ ಎಂದರು. ಆಮೇಲೆ ಏನೋ ಯೋಚಿಸಿ, ಪಕ್ಕದ ಕೋಣೆಯ ಡಯಟೀಷಿಯನ್ ಹತ್ತಿರ ಕಳಿಸಿದರು.

ಆಕೆ ನನ್ನ ವಯಸ್ಸಿನ ಹೆಂಗಸು. ಎದ್ದಾಗಿನಿಂದ ಮಲಗುವ ತನಕ ಏನೇನು ಬಾಯಿಗೆ ಹೋಗುತ್ತದೆ, ಗುಳಿಗೆ ಯಾವಾಗ, ಎಲ್ಲ ಹೇಳಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು. ಬಾದಾಮಿ ಹಾಲು, ಉಪ್ಪಿಟ್ಟು, ಸಾರು, ಪನೀರು, ಮೊಳಕೆ ಕಾಳು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತು, ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಬರೆದವರ ಹಾಗೆ. ಆಕೆ ಬರೆದುಕೊಳ್ಳುವುದನ್ನು ನಿಲ್ಲಿಸಿದರು.

"ಅಜ್ಜಿ, ಒಂದೇ ಒಂದು ಬಾಗಿಲಿದೆ ಅಂದ್ಕೊಳ್ಳಿ," ಎಂದರು. "ಗುಳಿಗೆ ಒಳಗೆ ಹೋಗ್ಬೇಕಾದ್ದೂ ಅದೇ ಬಾಗಿಲಲ್ಲಿ, ಹಾಲು ಕಾಳಿನ ಪ್ರೋಟೀನು ಹೋಗೋದೂ ಅದೇ ಬಾಗಿಲಲ್ಲಿ. ಒಟ್ಟಿಗೆ ಕಳಿಸಿದ್ರೆ ಗುಳಿಗೆ ಹೊರಗೇ ನಿಂತ್ಬಿಡುತ್ತೆ."

ಯಾವ ಆಹಾರವೂ ಮಿದುಳಿಗೆ ನೇರವಾಗಿ ಡೋಪಮಿನ್ ಸುರಿಯುವುದಿಲ್ಲ, ಇವೆಲ್ಲ ಒಳ್ಳೆಯ ಆಹಾರವೇ, ತಿನ್ನಬೇಕು, ಆದರೆ ಗುಳಿಗೆಯಿಂದ ದೂರ ಇಡಬೇಕು, ಕಾಳು ಪನೀರು ಎಲ್ಲ ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ ಎಂದು ವಿವರಿಸಿದರು. ಚಿತ್ರದಲ್ಲಿದ್ದ ಬೀನ್ಸು ಬೇರೆ, ನಮ್ಮ ಅವರೆ ಬೇರೆ ಎಂದೂ ಹೇಳಿದರು. ನಾನು ಅತ್ತೆಯ ಕಡೆ ನೋಡಲಾರದೆ ಹೋದೆ.

ಆಟೋ ಯಡಿಯೂರು ಕೆರೆ ಹತ್ತಿರ ಬಂದಾಗ ಅತ್ತೆ ತಮ್ಮ ಬೆರಳ ತುದಿಗಳನ್ನೇ ನೋಡಿಕೊಳ್ಳುತ್ತಾ, ಮೂರು ತಿಂಗಳು ನಾನೇ ಅಡ್ಡ ನಿಂತಿದ್ದೆ ಎಂದರು. ನನಗೆ ಅಯ್ಯೋ ಅನ್ನಿಸಿತು. ಗುಳಿಗೆ ಕೆಲಸ ಮಾಡಲಿಲ್ಲವೆಂದು ಅಲ್ಲ, ಆ ಬೆರಳುಗಳಿಗಾಗಿ. ಹಾಗನ್ನಬೇಡಿ ಅತ್ತೆ ಎಂದು ಅವರ ಕೈ ಹಿಡಿದುಕೊಂಡೆ. ನನ್ನ ನಡುಕ ಅವರ ಕೈಗೂ ಹರಿಯುತ್ತಿತ್ತು.

ಮರುದಿನ ಬೆಳಗ್ಗೆ ನಾನು ಕಣ್ಣು ಬಿಡುವಾಗ ಅವರು ಹಾಸಿಗೆಯ ಪಕ್ಕ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಗುಳಿಗೆ.

"ಇನ್ನೂ ಪೂಜೆ ಆಗಿಲ್ಲ ಅತ್ತೆ," ಎಂದೆ.

"ಪೂಜೆ ಮಾಡೋ ಕೈಗೇ ಇದು. ಮೊದ್ಲು ನುಂಗು."

ನುಂಗಿದೆ. ಮೂವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಪೂಜೆಗೆ ಮುಂಚೆ ಕುಡಿದ ಮೊದಲ ನೀರು. ತಪ್ಪು ಮಾಡಿದ ಹಾಗೆ ಅನ್ನಿಸಿತು. ಎರಡು ದಿನ ಹೊಟ್ಟೆ ತೊಳಸಿತು, ಅದಕ್ಕೆ ಅರ್ಧ ಬಾಳೆಹಣ್ಣು ತಿನ್ನಬಹುದು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಅತ್ತೆ ಗಡಿಯಾರ ಹಿಡಿದು ಕೂತುಬಿಟ್ಟರು. ಚೀಟಿಯ ಅರ್ಧ ಗಂಟೆ ಅವರಿಗೆ ಸಾಲದು, ಮುಕ್ಕಾಲು ಗಂಟೆ ಆಗುವ ತನಕ ಅಡುಗೆಮನೆಗೆ ಯಾರಿಗೂ ಪ್ರವೇಶವಿಲ್ಲ. ಅವರೆಯ ಸಾರು ರಾತ್ರಿಗೆ ಹೋಯಿತು. ನಸುಗುನ್ನಿ ಪುಡಿಯ ಡಬ್ಬವನ್ನು ಉಮಾ ಬಂದು ಸುಮ್ಮನೆ ಎತ್ತಿಕೊಂಡು ಹೋದಳು, ಮುಖ ಸಪ್ಪಗೆ ಮಾಡಿಕೊಂಡು. ಅವಳಿಗೊಂದು ಮುತ್ತು ಕೊಟ್ಟು ಕಳಿಸಿದೆ. ನನಗಾಗಿ ಅಷ್ಟು ಓದಿದವರು ಇನ್ನು ಯಾರೂ ಇಲ್ಲ.

ಪವಾಡವೇನೂ ಆಗಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಹುಕ್ಕು ನಾನೇ ಹಾಕಿಕೊಂಡೆ. ಹತ್ತನೇ ದಿನವೋ ಹನ್ನೊಂದನೇ ದಿನವೋ, ಸ್ನಾನ ಮುಗಿಸಿ ಬಂದಾಗ ಎಡಗೈ ಎಷ್ಟು ಸುಮ್ಮನಿತ್ತೆಂದರೆ ಅದು ನನ್ನದೇ ಹೌದೋ ಅಲ್ಲವೋ ಅನ್ನಿಸಿತು. ಆವತ್ತು ಬಾಗಿಲು ಹಾಕಲಿಲ್ಲ. ಕರಡಿಗೆ ತೆರೆದು ಲಿಂಗವನ್ನು ಅಂಗೈ ಮೇಲಿಟ್ಟುಕೊಂಡೆ. ನೀರೆರೆದೆ, ವಿಭೂತಿ ಹಚ್ಚಿದೆ, ಪತ್ರೆ ಇಟ್ಟೆ. ಕೈ ನಿಂತಿತ್ತು. ನಾನೇ ಅಳುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತಿದ್ದು ಗೊತ್ತೇ ಆಗಲಿಲ್ಲ. ಕೊನೆಗೆ ಸ್ವಲ್ಪ ಅದುರಿತು, ಬಹುಶಃ ಅತ್ತದ್ದಕ್ಕೇ. ಅವರು ತಮ್ಮ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಕೊಟ್ಟರು.

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಲಿಂಗವನ್ನು ಕರಡಿಗೆಗೆ ಇಟ್ಟವಳೇ, ಕಾರ್ತಿಕದಲ್ಲಿ ಕೈಜಾರಿ ಬಿತ್ತು ಅತ್ತೆ, ನೆಲಕ್ಕೇ ಬಿತ್ತು, ಅದಕ್ಕೇ ಬಾಗಿಲು ಹಾಕ್ತಿದ್ದೆ ಎಂದು ಹೇಳಿಬಿಟ್ಟೆ. ಬೈಯಲಿ, ಗುರುಗಳ ಹತ್ತಿರ ಕರೆದೊಯ್ಯಲಿ, ಏನಾದರೂ ಆಗಲಿ ಎಂದು ತಲೆ ತಗ್ಗಿಸಿ ಕೂತೆ.

ಅತ್ತೆ ಕೆಳಗೆ ಬಿದ್ದಿದ್ದ ಪತ್ರೆಯೊಂದನ್ನು ಎತ್ತಿ ತಟ್ಟೆಗಿಟ್ಟರು.

"ನನ್ನ ಕೈಯಿಂದಾನೂ ಬಿದ್ದಿತ್ತು," ಎಂದರು. "ನಿನ್ನ ಗಂಡನ್ನ ಹೆತ್ತು ತಿಂಗಳಾಗಿತ್ತು. ಮೈಯಲ್ಲಿ ಶಕ್ತಿ ಇರ್ಲಿಲ್ಲ, ಕೈ ನಡುಗ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಬಿತ್ತು. ನಿಮ್ಮ ಮಾವಂಗೂ ಹೇಳ್ಲಿಲ್ಲ. ಆವತ್ತೇ ಹರಕೆ ಮಾಡ್ಕೊಂಡೆ, ಪೂಜೆಗೆ ಮುಂಚೆ ಬಾಯಿಗೆ ನೀರೂ ಹಾಕಲ್ಲ ಅಂತ."

ನಾವು ಅದನ್ನು ಮನೆಯ ಪದ್ಧತಿ ಅಂದುಕೊಂಡಿದ್ದೆವು. ನಾನು, ಯಜಮಾನರು, ಎಲ್ಲರೂ. ಅವರೊಬ್ಬರ ಭಯವನ್ನು ನಾವೆಲ್ಲ ಸೇರಿ ಆಚರಿಸುತ್ತಿದ್ದೆವು, ಅವರು ಒಂಟಿಯಾಗಿ ಅನುಭವಿಸುತ್ತಿದ್ದರು. ನಾನು ಅವರ ತೊಡೆಯ ಮೇಲೆ ತಲೆಯಿಟ್ಟೆ. ಏನೂ ಆಗಲಿಲ್ಲ ನೋಡು, ನನಗೂ ಏನೂ ಆಗಲಿಲ್ಲ, ನಿನಗೂ ಏನೂ ಆಗಲಿಲ್ಲ ಎಂದು ನೆತ್ತಿ ಸವರುತ್ತಿದ್ದರು, ನನಗಿಂತ ತಮಗೇ ಹೇಳಿಕೊಳ್ಳುವ ಹಾಗೆ.

ಈಗ ಎರಡು ವರ್ಷವಾಯಿತು. ಕೈ ಕೆಲವು ದಿನ ನಿಲ್ಲುತ್ತದೆ, ಕೆಲವು ದಿನ ಇಲ್ಲ. ನಿಲ್ಲದ ದಿನ ಕೆಳಗೆ ಇನ್ನೊಂದು ಕೈ ಇರುತ್ತದೆ. ಹೊಸದಾಗಿ ಈ ಕಾಯಿಲೆ ಬಂದವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯಲು ಕೂತಾಗ, ನಿಮ್ಮ ವಿಷಯ ಬರೆಯಲ್ಲ ಅತ್ತೆ, ಗುಳಿಗೆ ಮತ್ತು ಅವರೆಕಾಳಿನದು ಮಾತ್ರ ಬರೀತೀನಿ ಎಂದು ಮಾತು ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಂದೂ ಬರಿ," ಎಂದರು. "ಇನ್ನೂ ಯಾವ್ದೋ ಮನೇಲಿ ಯಾರೋ ಬಾಗಿಲು ಹಾಕ್ಕೊಂಡು ಕೂತಿರ್ತಾರೆ."